ಮಾಡಿಲ್ಲದ ಕಾರು

ಲಾರಿಯಿಂದ ಇಳಿಸುವಾಗ
ಬಟವಾಡಿಯ ಅರ್ಧ ಬೀದಿ ಸೇರಿತ್ತು.
ಗೋವಾದಲ್ಲಿ ಹುಟ್ಟಿದ ಎರಡೇ ಸೀಟಿನ ಗಾಡಿ,
ತಗಡಲ್ಲ, ಮೈಯೆಲ್ಲ ಫೈಬರ್,
ಬೆರಳಲ್ಲಿ ತಟ್ಟಿದರೆ ಖಾಲಿ ಸಿಂಟೆಕ್ಸಿನ ಸದ್ದು.
ಮೇಲೆ ಮುಚ್ಚುವುದು ಏನೂ ಇರಲಿಲ್ಲ,
ಮಡಚುವ ನಾಲ್ಕು ಕಂಬಿ, ತುಕ್ಕು ಹಿಡಿದು,
ಸತ್ತ ಬಾವಲಿಯ ಮೂಳೆಯ ಹಾಗೆ.
"ಇದಕ್ಕೆ ಮಾಡೇ ಇಲ್ವಲ್ಲ" ಅಂದಳು ಮಂಗಳಗೌರಿ.
"ಮಾಡಿಲ್ಲ, ಮಾಡ್ತೀನಿ" ಅಂದೆ.
ಮೂರು ವರ್ಷ ಅದೇ ಪ್ರಶ್ನೆ, ಅದೇ ಉತ್ತರ.

ಇಪ್ಪತ್ತೆರಡು ವರ್ಷ ಕೈಗಡಿಯಾರದ ಕಾರ್ಖಾನೆಯಲ್ಲಿ
ಸಾಸಿವೆಯ ಕಾಲು ಭಾಗದ ಸ್ಕ್ರೂ ಕೂರಿಸಿದವನು ನಾನು,
ಉಸಿರು ಬಿಟ್ಟರೆ ಹಾರಿಹೋಗುವಂಥವು.
ಬಾಗಿಲು ಹಾಕಿದ ದಿನ ಕೊಟ್ಟ ದುಡ್ಡಲ್ಲಿ
ಮದುವೆ, ಮುಂಜಿ, ಮಂಡಿನೋವು ಕಳೆದು ಉಳಿದದ್ದು ಇದು.
ಕಣ್ಣಿಗೆ ಅದೇ ಹಳೆಯ ಭೂತಗನ್ನಡಿ ಸಿಕ್ಕಿಸಿಕೊಂಡು
ಕಾರ್ಬುರೇಟರ್ ಬಿಚ್ಚಿದೆ.
ಬಿಚ್ಚಿದ್ದೆಲ್ಲ ಟಿಫನ್ ಕ್ಯಾರಿಯರಿಗೆ:
ಮೇಲಿನ ಡಬ್ಬಿಗೆ ಬಾಗಿಲಿನದು, ನಡುವಿನದಕ್ಕೆ ಬ್ರೇಕಿನದು,
ಕೆಳಗಿನದಕ್ಕೆ ಏನೆಂದು ಗೊತ್ತಿಲ್ಲದ್ದು.
ಕೆಳಗಿನದೇ ಬೇಗ ತುಂಬಿತು.

ಉಜ್ಜಿದರೆ ಕೆಂಪು, ಕೆಂಪಿನಡಿ ಹಳದಿ,
ಹಳದಿಯಡಿ ಗೋಣಿಯಂತೆ ಹೆಣೆದ ಗಾಜಿನ ನಾರು.
ರಾತ್ರಿಯೆಲ್ಲ ತೋಳು ತುರಿಕೆ.
ಕೊಬ್ಬರಿ ಎಣ್ಣೆ ಹಚ್ಚಿದಳು ಅವಳು, ಬೈಯುತ್ತಲೇ.
ಸೀಟಿನಡಿ ಸಿಕ್ಕದ್ದು ಯಾರದೋ ಜಡೆಯ ಕ್ಲಿಪ್ಪು,
ಒಂದು ಹಿಡಿ ಸಮುದ್ರದ ಮರಳು.
ಚೆಲ್ಲಲು ಮನಸ್ಸಾಗದೆ ತುಳಸಿಯ ಬುಡಕ್ಕೆ ಹಾಕಿದೆ.
ಉಪ್ಪಿಗೆ ತುಳಸಿ ಬಾಡಿತು.
ಅದಕ್ಕೂ ಬೈದಳು.

ಅಂತರಸನಹಳ್ಳಿಯಲ್ಲಿ ಟ್ಯಾಂಕುಗಳಿಗೆ ತೇಪೆ ಹಾಕುವ ಹಯಾತ್ ಸಾಬರು
ಬಾನೆಟ್ಟಿನ ಬಿರುಕು ಮುಚ್ಚಿ
"ಹತ್ತು ವರ್ಷ ಒಂದ್ ಹನಿ ನೀರು ಹೋಗಲ್ಲ" ಅಂದರು,
ಟ್ಯಾಂಕಿನ ಲೆಕ್ಕದಲ್ಲೇ.
ಸೀಟಿಗೆ ತಿಪಟೂರಿನ ತೆಂಗಿನ ನಾರು.
ಬಣ್ಣ ಎಳನೀರಿನ ಬುರುಡೆಯದು ಅಂದುಕೊಂಡಿದ್ದೆ,
ಬಂದದ್ದು ಕೋಸಂಬರಿಯ ಸೌತೆಕಾಯಿಯದು.
ಇರಲಿ.

ಮಂಡಿಪೇಟೆಯಲ್ಲಿ ಲಾರಿ ಟಾರ್ಪಾಲು ಹೊಲಿಯುವ ಸಿದ್ದಗಂಗಮ್ಮ
ಅಳತೆಗೆ ಮನೆಗೇ ಬಂದಳು.
"ರವಿಕೆಗಿಂತ ಕಷ್ಟ ಕಣಪ್ಪೋ,
ರವಿಕೆ ತೊಟ್ಟೋರು ಹಿಂಗೆ ಎಂಟು ಮಡಿಕೆ ಮಡಚ್ಕಳಲ್ಲ"
ಅಂದು, ದಬ್ಬಳ ತಲೆಗೂದಲಿಗೆ ತಿಕ್ಕಿ,
ಎರಡು ಪದರ ಕ್ಯಾನ್ವಾಸು, ಮೂರು ಸಾಲು ಹೊಲಿಗೆ.
ಕಂಬಿಗಳ ಮೇಲೆ ಎಳೆದಾಗ
ಟಪ್ಪೆಂದು ಕೂತಿತು ಕೊನೆಯ ಗುಂಡಿ.

ತಾರಸಿಯಿಂದ ಬಿಂದಿಗೆ ಬಿಂದಿಗೆ ನೀರು ಸುರಿದಳು ಮಂಗಳಗೌರಿ.
ಒಳಗೆ ನಾನು.
ಒಂದು ಹನಿ ಇಲ್ಲ.
ಗೆದ್ದೆನೆಂದು ಕೂತೇ ಇದ್ದೆ.
ಕತ್ತಲು. ಮೇಣದ ವಾಸನೆ.
ಹಾಲಿನವನ ಕೂಗು ಎಲ್ಲೋ ದೂರ.
ಅಯ್ಯೋ, ಇನ್ನೊಂದು ಸಣ್ಣ ಕೋಣೆ ಕಟ್ಟಿಬಿಟ್ಟೆನಲ್ಲ,
ಇದ್ದ ಮೂರೂ ಸಾಲದೆ!
ಗುಂಡಿ ಬಿಚ್ಚತೊಡಗಿದೆ ಒಂದೊಂದೇ.
ಆರನೆಯದು ಬಿಚ್ಚಿ ತಲೆ ಹೊರಗಿಟ್ಟೆ,
ಆಗಲೇ ಬಂತು
ಮೇಲಿಂದ ಏಳನೆಯ ಬಿಂದಿಗೆ.

ಈಗ ಓಡುತ್ತದೆ.
ಒಂದು ಸ್ಕ್ರೂ ಉಳಿದರೂ ಗಡಿಯಾರ ಗಡಿಯಾರವಲ್ಲ,
ಇಲ್ಲಿ ಹನ್ನೊಂದು ಬೋಲ್ಟು ಉಳಿದಿವೆ ಕೆಳಗಿನ ಡಬ್ಬಿಯಲ್ಲಿ,
ಕಾರಿಗೆ ಅದರ ಪರಿವೆಯಿಲ್ಲ.
ಡ್ಯಾಶ್‌ಬೋರ್ಡಿನ ತೂತಿಗೆ ಮಾತ್ರ
ನಾನೇ ಜೋಡಿಸಿದ್ದ ಕೈಗಡಿಯಾರ, ಪಟ್ಟಿ ಬಿಚ್ಚಿ ಕೂರಿಸಿದ್ದೇನೆ.
ದಿನಾ ಬೆಳಿಗ್ಗೆ ಕೀ ಕೊಡಬೇಕು,
ಎಲ್ಲಿಗೂ ಹೋಗದ ದಿನವೂ.

ಭಾನುವಾರ ಕ್ಯಾತಸಂದ್ರಕ್ಕೆ, ತಟ್ಟೆ ಇಡ್ಲಿಗೆ.
ಸೆರಗನ್ನು ತಲೆಗೆ ಬಿಗಿದು ಕೂರುತ್ತಾಳೆ.
ಸಿಗ್ನಲ್ಲಿನಲ್ಲಿ ನಿಂತರೆ ಬಸ್ಸಿನ ಕಿಟಕಿಗಳೆಲ್ಲ ಬಾಗಿ
ನಮ್ಮ ಮಡಿಲಿಗೇ ಇಣುಕುತ್ತವೆ.
"ಮಾಡೆಲ್ಲಿ ಸ್ವಾಮಿ?" ಅಂತ ಯಾರೋ.
ನಾನು ಬಾಯಿ ತೆರೆಯುವ ಮೊದಲೇ ಅವಳು:
"ಮಾಡಿಯಾಗಿದೆ. ಮನೇಲಿದೆ.
ಅದರ ಮೇಲೆ ಸಂಡಿಗೆ ಒಣಗ್ತಿದೆ."